ಎಂಟು ಹತ್ತರ ಬಸ್ಸು

ಆರೋಗ್ಯ ಇಲಾಖೆಯ ಮೂರನೆಯ ಮಹಡಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಕರಡು ಸಾಹೇಬರು ಎಂದು. ಇಪ್ಪತ್ತಾರು ವರ್ಷಗಳಲ್ಲಿ ಆ ಇಲಾಖೆಯಿಂದ ಹೊರಬಿದ್ದ ಸುತ್ತೋಲೆ, ಆದೇಶ, ತಿದ್ದುಪಡಿಗಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಅವರ ಮೇಜಿನ ಮೇಲೆ. ಏನು ಬೇಕೆಂದು ಮೇಲಿನವರು ಅರೆಬರೆ ಹೇಳಿದರೂ ಸಾಕು, ಊಟದ ಹೊತ್ತಿಗೆ ಒಂದು ಒತ್ತಕ್ಷರವೂ ತಪ್ಪದ ಕರಡು ಸಿದ್ಧವಾಗಿರುತ್ತಿತ್ತು. ಕೊನೆಯಲ್ಲಿ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಕಡತವನ್ನು ಮೇಲಕ್ಕೆ ಕಳಿಸಿದರೆ ಅವರ ಪಾಲಿನ ಕೆಲಸ ಮುಗಿಯಿತು. ಆ ಆದೇಶ ಒಳ್ಳೆಯದೋ ಕೆಟ್ಟದ್ದೋ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳಲಿಲ್ಲವೆಂದು ಅವರಿಗೆ ಬೇಸರವೂ ಇರಲಿಲ್ಲ.

ಅವರಿಗೆ ಐವತ್ತೊಂದು ತುಂಬಿದ ವರ್ಷ ಕಾರ್ಯದರ್ಶಿಗಳು ಕರೆದು ಹೇಳಿದರು: “ವಿಶ್ವವಿದ್ಯಾಲಯದಲ್ಲಿ ನಮ್ಮಂಥ ಅಧಿಕಾರಿಗಳಿಗೆ ಅಂತ ಹತ್ತು ತಿಂಗಳ ಕೋರ್ಸ್ ಇದೆ. ನೀತಿ ರೂಪಿಸೋದು ಹೇಗೆ ಅಂತ ಕಲಿಸ್ತಾರೆ. ಹೋಗಬೇಕಾದವರು ಕೊನೇ ಗಳಿಗೇಲಿ ಹಿಂದೆ ಸರಿದ್ರು. ಸೀಟು ಖಾಲಿ ಬಿಡೋ ಹಾಗಿಲ್ಲ. ನೀವು ಹೋಗಿ.”

“ಸರ್, ನಾನು ಓದು ಬಿಟ್ಟು ಮೂವತ್ತು ವರ್ಷ ಆಯ್ತು.”

“ಒಳ್ಳೇದೇ ಆಯ್ತು. ಮರೆಯೋಕೆ ಏನೂ ಉಳಿದಿಲ್ಲ. ಸೋಮವಾರದಿಂದ.”

ಮನೆಯಲ್ಲಿ ಕಾಲೇಜು ಓದುತ್ತಿದ್ದ ಮಗಳು ಸುದ್ದಿ ಕೇಳಿ ಕುರ್ಚಿಯಲ್ಲೇ ಬಿದ್ದು ಬಿದ್ದು ನಕ್ಕಳು. “ಅಪ್ಪ, ಹಾಜರಾತಿ ಕಡಿಮೆ ಆದ್ರೆ ಪರೀಕ್ಷೆಗೆ ಕೂರಿಸಲ್ಲ, ನೆನಪಿರಲಿ” ಎಂದಳು. ಹೆಂಡತಿ ಊರಿನ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹಿರಿಯ ನರ್ಸ್. ಮರುದಿನದ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದವರು ತಲೆ ಎತ್ತದೆ, “ಹೋಗಿ ರೀ. ಅಲ್ಲಿ ಬೆಂಚು ಗಟ್ಟಿ ಇರುತ್ತೆ, ಒಂದು ದಿಂಬು ಇಟ್ಕೊಳ್ಳಿ” ಎಂದರು.

ಬೆಂಚುಗಳೇ ಇರಲಿಲ್ಲ. ಮೇಜುಗಳನ್ನು ಗೋಡೆಗೆ ಒತ್ತರಿಸಿ, ಹದಿನಾಲ್ಕು ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಕರಡು ಸಾಹೇಬರ ಕಣ್ಣು ಅಭ್ಯಾಸಬಲದಿಂದ ಕೊನೆಯ ಸಾಲನ್ನು ಹುಡುಕಿತು. ದುಂಡಗಿನದ್ದಕ್ಕೆ ಕೊನೆ ಎಲ್ಲಿಯದು? ಕಿಟಕಿಯ ಪಕ್ಕದ ಕುರ್ಚಿ ಹಿಡಿದು ಕೂತರು. ಪಾಠ ಮಾಡಲು ಬಂದ ಪ್ರೊಫೆಸರ್ ಗಿಡ್ಡನೆಯ, ನರೆಗೂದಲಿನ ಹೆಂಗಸು. ಹಿಂದೆ ಯೋಜನಾ ಇಲಾಖೆಯಲ್ಲಿ ಹದಿನೈದು ವರ್ಷ ಇದ್ದು, ರಾಜೀನಾಮೆ ಕೊಟ್ಟು ಪಾಠಕ್ಕೆ ಬಂದವರು. ಮೊದಲ ವಾರವೇ ಒಂದು ಪ್ರಬಂಧ ಬರೆಸಿದರು: ನಿಮ್ಮ ಇಲಾಖೆ ಮಾಡಿದ ಒಂದು ಕೆಲಸದ ಬಗ್ಗೆ.

ಬರೆಯುವುದೆಂದರೆ ಕರಡು ಸಾಹೇಬರಿಗೆ ನೀರು ಕುಡಿದಷ್ಟು ಸಲೀಸು. ಎಂಟು ಪುಟ ಕೊಟ್ಟರು. ಮರಳಿ ಬಂದಾಗ ಪುಟಗಳೆಲ್ಲ ಕೆಂಪು. ‘ಪರಿಶೀಲಿಸಲಾಗಿದೆ’, ‘ತೀರ್ಮಾನಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಹೀಗೆ ಒಟ್ಟು ನಲವತ್ಮೂರು ಕಡೆ ಗೆರೆ. ಕೊನೆಯಲ್ಲಿ ಒಂದೇ ಸಾಲು: ‘ಇಷ್ಟೆಲ್ಲ ಮಾಡಿದವರು ಯಾರು?’

“ಇದು ಸರ್ಕಾರಿ ಭಾಷೆ ಮೇಡಂ” ಎಂದರು ಸಾಹೇಬರು.

“ಸರ್ಕಾರದಲ್ಲಿ ಮನುಷ್ಯರು ಇಲ್ವಾ?”

ಅರಣ್ಯ ಇಲಾಖೆಯಿಂದ ಬಂದಿದ್ದ ಅಧಿಕಾರಿಣಿ ಎದುರಿನ ಕುರ್ಚಿಯಿಂದ ಬಾಯಿ ಹಾಕಿದರು. “ನಮ್ಮ ಕಾಡಲ್ಲೂ ಇದೇ ಕಥೆ ಮೇಡಂ. ಮರ ಕಡಿಯಲಾಗಿದೆ ಅಂತ ವರದಿ ಬರುತ್ತೆ. ಕಡಿದವನು ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ.”

ಎಲ್ಲರೂ ನಕ್ಕರು. ಅಂದಿನಿಂದ ಆ ಕೋಣೆಯಲ್ಲಿ ಅವರ ಹೆಸರು ‘ಲಾಗಿದೆ ಸರ್’ ಎಂದಾಯಿತು. ಸಾಹೇಬರು ಮುಖ ಸಣ್ಣಗೆ ಮಾಡಿಕೊಳ್ಳಲಿಲ್ಲ. ಆದರೆ ಮನೆಗೆ ಬಂದು ಆ ಎಂಟು ಪುಟಗಳನ್ನು ಮತ್ತೆ ಓದಿದಾಗ, ತಾವೇ ಕಟ್ಟಿದ ಮನೆಯಲ್ಲಿ ಒಬ್ಬ ನಿವಾಸಿಯೂ ಇಲ್ಲದಂತೆ ಕಂಡಿತು.

ಕಲಿಯುವುದು ಕಷ್ಟವೇ ಆಯಿತು. ಅಂಕಿಅಂಶದ ಪಾಠ ಬಂದ ದಿನ ತಲೆ ಕೆಟ್ಟು ಗೊಬ್ಬರವಾಗುತ್ತಿತ್ತು. ಸಂಜೆ ಊಟದ ಮೇಜಿನ ಒಂದು ತುದಿಯಲ್ಲಿ ಮಗಳು, ಇನ್ನೊಂದು ತುದಿಯಲ್ಲಿ ಅಪ್ಪ. “ಸರಾಸರಿ ನೋಡಿ ಮೋಸ ಹೋಗಬೇಡ ಅಪ್ಪ” ಎಂದು ಅವಳು ಪೆನ್ಸಿಲ್ ಹಿಡಿದು ಹೇಳಿಕೊಡುತ್ತಿದ್ದಳು. ಒಂದು ನಿಯಮದಿಂದ ಯಾರಿಗೆ ಅನುಕೂಲ, ಅದರ ಭಾರ ಯಾರ ಹೆಗಲಿಗೆ ಎಂದು ಮೊದಲು ಕೇಳುವ ಅಭ್ಯಾಸ ಅವರಿಗೆ ಮೆಲ್ಲಮೆಲ್ಲಗೆ ಹತ್ತಿತು. ಆದೇಶ ಹೊರಬಿದ್ದ ದಿನ ಕಡತ ಕಟ್ಟಿಡುವುದು ಅವರ ರೂಢಿ. ಪ್ರೊಫೆಸರ್ ಲೆಕ್ಕದಲ್ಲಿ ಕಡತ ತೆರೆಯಬೇಕಾದದ್ದೇ ಆ ದಿನ.

ಐದನೆಯ ತಿಂಗಳು ಕೋರ್ಸಿನ ದೊಡ್ಡ ಕೆಲಸ ಬಂತು. “ನೀವೇ ಬರೆದ ಒಂದು ನಿಯಮ ಆರಿಸ್ಕೊಳ್ಳಿ. ಅದು ಜಾರಿಯಾಗಿರೋ ಜಾಗಕ್ಕೆ ಹೋಗಿ ಕೂತ್ಕೊಳ್ಳಿ. ಅಧಿಕಾರಿ ಅಂತ ಹೇಳ್ಕೋಬೇಡಿ, ಜೀಪು ಬೇಡ, ಪತ್ರ ಬೇಡ. ನೋಡಿ, ಬರೀರಿ. ಬದಲಾಯಿಸಬೇಕು ಅನಿಸಿದ್ರೆ ಹೇಗೆ ಅಂತ ಹೇಳಿ. ಕೊನೇಲಿ ನಿಮ್ಮ ಇಲಾಖೆಯವರ ಮುಂದೇನೇ ಅದನ್ನ ಮಂಡಿಸಬೇಕು.”

ಸಾಹೇಬರು ಆರಿಸಿಕೊಂಡದ್ದು ಆಸ್ಪತ್ರೆಯ ಟೋಕನ್ ನಿಯಮ. ಒಂಬತ್ತು ವರ್ಷದ ಹಿಂದೆ ಹೊರರೋಗಿ ವಿಭಾಗದಲ್ಲಿ ನೂಕುನುಗ್ಗಲು ಎಂದು ದೂರು ಬಂದಿತ್ತು. ಆಗ ನಿರ್ದೇಶಕರಾಗಿದ್ದ ಇದೇ ಕಾರ್ಯದರ್ಶಿಗಳು “ಒಂದು ಶಿಸ್ತು ತನ್ನಿ” ಎಂದಿದ್ದರು. ಸಾಹೇಬರು ಒಂದೇ ಮಧ್ಯಾಹ್ನದಲ್ಲಿ ಶಿಸ್ತು ತಂದಿದ್ದರು: ಬೆಳಗ್ಗೆ ಏಳರಿಂದ ಎಂಟರವರೆಗೆ ಟೋಕನ್. ದಿನಕ್ಕೆ ಇನ್ನೂರು. ರೋಗಿಯೇ ಬರಬೇಕು. ಎಂಟರ ನಂತರ ಕೊಡತಕ್ಕದ್ದಲ್ಲ, ಕೊಟ್ಟ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ. ಎಂಟೇ ಯಾಕೆ? ಕಿಟಕಿಯ ಗುಮಾಸ್ತರ ಪಾಳಿ ಬದಲಾಗುವುದು ಎಂಟಕ್ಕೆ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಆ ಆದೇಶ ಬಂದ ವಾರ ಊಟಕ್ಕೆ ಕೂತಾಗ ಹೆಂಡತಿ ಹೇಳಿದ್ದರು, “ಎಂಟಕ್ಕೆ ಮುಚ್ಚಿದ್ರೆ ಆಗಲ್ಲ ರೀ.” ಸಾಹೇಬರು ಆ ದಿನ ದಣಿದಿದ್ದರು. “ನೀನು ವಾರ್ಡ್ ನೋಡ್ಕೋ. ಕಡತ ನಾನು ನೋಡ್ಕೋತೀನಿ” ಎಂದುಬಿಟ್ಟರು. ಹೆಂಡತಿ ಮತ್ತೆ ಆ ಮಾತು ಎತ್ತಲಿಲ್ಲ. ಆಮೇಲೆ ಕಚೇರಿಯ ವಿಷಯವಾಗಲಿ ಆಸ್ಪತ್ರೆಯ ವಿಷಯವಾಗಲಿ ಆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. ಅದನ್ನು ನೆಮ್ಮದಿ ಎಂದೇ ಸಾಹೇಬರು ತಿಳಿದಿದ್ದರು.

ಈಗ ಹೇಳಲೇಬೇಕಾಯಿತು. “ನಾಳೆಯಿಂದ ನಿಮ್ಮ ಆಸ್ಪತ್ರೆಗೆ ಬಂದು ಕೂರ್ತೀನಿ. ಓದಿನ ಕೆಲಸ.”

ಹೆಂಡತಿ ಚಹಾ ಬಗ್ಗಿಸುತ್ತಲೇ ಹೇಳಿದರು, “ಬನ್ನಿ. ಆದ್ರೆ ಬೆಂಚಲ್ಲಿ ಕೂತಿರಿ. ನನ್ನನ್ನ ಮಾತಾಡಿಸೋಕೆ ಬರಬೇಡಿ, ನಾನು ಡ್ಯೂಟೀಲಿ ಇರ್ತೀನಿ.”

ಮರುದಿನ ಆರೂ ನಲವತ್ತಕ್ಕೆ ಹೋದಾಗ ಕಿಟಕಿಯ ಮುಂದೆ ಉದ್ದನೆಯ ಸಾಲು. ಸಾಲಿನಲ್ಲಿ ಜನ ಇರಲಿಲ್ಲ. ಚಪ್ಪಲಿ, ಛತ್ರಿ, ಊಟದ ಚೀಲ, ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿದ ಒಂದು ಇಟ್ಟಿಗೆ, ಇವೇ ಒಂದರ ಹಿಂದೊಂದು ನಿಂತಿದ್ದವು. ಜನ ಹಸಿರು ಬಣ್ಣದ ಬೆಂಚುಗಳ ಮೇಲೆ ಕೂತಿದ್ದರು. ಪಕ್ಕದಲ್ಲಿದ್ದ ಮುದುಕರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಕಣ್ಣು ತೋರಿಸಲು ಬಂದವರು. ಸಾಹೇಬರು ಕಕ್ಕಾಬಿಕ್ಕಿಯಾಗಿ ನೋಡುವುದನ್ನು ಕಂಡು ಅವರೇ ವಿವರಿಸಿದರು. “ನಮ್ಮ ಬದಲು ಚಪ್ಪಲಿ ನಿಲ್ಲುತ್ತೆ ಸ್ವಾಮಿ. ಚಪ್ಪಲಿಗೆ ಮಂಡಿನೋವಿಲ್ಲ ನೋಡಿ.”

ಏಳಕ್ಕೆ ಕಿಟಕಿ ತೆರೆಯಿತು. ನೂಕಾಟವಿರಲಿಲ್ಲ. ನಿಯಮ ಕೆಲಸ ಮಾಡುತ್ತಿದೆ ಎಂದು ಸಾಹೇಬರಿಗೆ ಒಳಗೊಳಗೇ ಖುಷಿಯಾಯಿತು. ಎಂಟಕ್ಕೆ ಸರಿಯಾಗಿ ಮರದ ಬಾಗಿಲು ಬಿತ್ತು. ಕೊಟ್ಟಿದ್ದ ಕೊನೆಯ ಟೋಕನ್ ನೂರ ಎಂಬತ್ತೊಂದು. ಇನ್ನೂರರಲ್ಲಿ ಹತ್ತೊಂಬತ್ತು ಉಳಿದಿದ್ದವು.

ಎಂಟು ಹತ್ತಕ್ಕೆ ಗೇಟಿನ ಮುಂದೆ ಒಂದು ಬಸ್ಸು ಬಂದು ನಿಂತಿತು. ಬೆಟ್ಟದ ಮೇಲಿನ ಊರುಗಳಿಂದ ಬರುವ ದಿನದ ಮೊದಲ ಬಸ್ಸು. ಹದಿನೈದಿಪ್ಪತ್ತು ಜನ ಇಳಿದು ಓಡತೊಡಗಿದರು. ಕಾಲು ಬಾತ ಒಬ್ಬ ಹೆಂಗಸು ಮಗನ ಭುಜ ಹಿಡಿದು ಕುಂಟುತ್ತ ಓಡಿದಳು. ಕಿಟಕಿ ಮುಚ್ಚಿತ್ತು. ಯಾರೂ ಬಾಗಿಲು ಬಡಿಯಲಿಲ್ಲ, ಜಗಳ ಮಾಡಲಿಲ್ಲ. ಎಲ್ಲರೂ ಎಡಕ್ಕೆ ತಿರುಗಿ ಪಕ್ಕದ ಚಿಕ್ಕ ಬಾಗಿಲ ಮುಂದೆ ನಿಂತರು.

ಬಾಗಿಲು ತೆರೆದು ಹೊರಬಂದದ್ದು ಸಾಹೇಬರ ಹೆಂಡತಿ. ಕೈಯಲ್ಲಿ ಒಂದು ಚಿಕ್ಕ ಪ್ಯಾಡು. ಒಬ್ಬೊಬ್ಬರನ್ನೂ “ಏನಾಗಿದೆ, ಎಷ್ಟು ದಿನದಿಂದ?” ಎಂದು ಕೇಳಿದರು, ನೂರ ಎಂಬತ್ತೆರಡರಿಂದ ಸಂಖ್ಯೆ ಬರೆದು ಚೀಟಿ ಹರಿದು ಕೊಟ್ಟರು. ಕಾಲು ಬಾತವಳಿಗೆ ಚೀಟಿ ಕೊಡದೆ ನೇರ ಒಳಗೆ ಕರೆದೊಯ್ದರು. ಎಲ್ಲ ಸೇರಿ ಐದು ನಿಮಿಷ. ಅವರ ನೋಟ ಬೆಂಚಿನ ಮೇಲೂ ಹಾಯಿತು, ಉಳಿದವರ ಮೇಲೆ ಹಾದಂತೆಯೇ ಗಂಡನ ಮೇಲೂ ಹಾದು ಹೋಯಿತು.

“ಆ ಸಿಸ್ಟರ್ ಇಲ್ದಿದ್ರೆ ಮೇಲಿನ ಊರಿನವರು ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗಬೇಕಿತ್ತು” ಎಂದರು ಮೇಷ್ಟ್ರು. “ಈ ನಿಯಮ ಮಾಡಿದ ಮಹಾರಾಯ ಆ ಬಸ್ಸಲ್ಲಿ ಒಂದಿನಾನೂ ಬಂದಿರಲಿಕ್ಕಿಲ್ಲ.”

“ಇಲ್ಲ, ಬಂದಿಲ್ಲ” ಎಂದರು ಸಾಹೇಬರು.

ಹನ್ನೊಂದು ಬೆಳಗು ಹೋಗಿ ಕೂತರು. ಹನ್ನೊಂದು ದಿನವೂ ಅದೇ. ಒಂದು ದಿನ ಬಸ್ಸಿನ ಡ್ರೈವರನ್ನು ಕೇಳಿದರು, “ಸ್ವಲ್ಪ ಬೇಗ ಹೊರಟ್ರೆ ಆಗಲ್ವಾ?”

“ಮೇಲೆ ಮಂಜು ಸಾರ್. ಆರೂವರೆಗಿಂತ ಮುಂಚೆ ಗಾಡಿ ತೆಗೀಬಾರದು ಅಂತ ನಮಗೂ ಒಂದು ನಿಯಮ ಇದೆ. ಅದು ಸರಿಯಾದ ನಿಯಮ, ಇಲ್ದಿದ್ರೆ ನಾನು ಇಲ್ಲಿ ನಿಂತು ಮಾತಾಡ್ತಿರಲಿಲ್ಲ.”

ಹನ್ನೊಂದನೆಯ ದಿನ ಸಂಜೆ ಹೆಂಡತಿ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಾಗ ಸಾಹೇಬರು ಕೇಳಿದರು, “ಯಾವಾಗಿಂದ ಕೊಡ್ತಿದೀಯ?”

“ನಿಮ್ಮ ಆದೇಶ ಬಂದ ಮುಂದಿನ ವಾರದಿಂದ.”

“ನನಗೊಂದು ಮಾತು ಹೇಳಲಿಲ್ವಲ್ಲ.”

“ಹೇಳಿದ್ದೆ. ನೀನು ವಾರ್ಡ್ ನೋಡ್ಕೋ ಅಂದ್ರಿ. ಅದನ್ನೇ ನೋಡ್ಕೊಂಡೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂಬತ್ತು ವರ್ಷದಲ್ಲಿ ಅದು ಆರಿಹೋಗಿರಬೇಕು. ಎದ್ದು ಹೋಗಿ ಬೀರುವಿನಿಂದ ಐದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಪ್ರತಿ ಚೀಟಿಯ ತಾರೀಖು, ಸಂಖ್ಯೆ, ಊರು, ಕಾಯಿಲೆ. “ಯಾರಾದ್ರೂ ಕೇಳಿದ್ರೆ ತೋರಿಸೋಣ ಅಂತ ಬರೆದಿಟ್ಟೆ. ಯಾರೂ ಕೇಳ್ಲಿಲ್ಲ.”

ಸಾಹೇಬರು ಓದುತ್ತಾ ಹೋದರು. ‘ಮಗುವಿಗೆ ಜ್ವರ, ನಾಲ್ಕು ದಿನ.’ ‘ಬೆರಳು ಗರಗಸಕ್ಕೆ ಸಿಕ್ಕಿದೆ, ಹೊಲಿಗೆ ಹಾಕಿಸಿದೆ.’ ‘ಎದೆನೋವು, ಸಾಲಿಗೆ ಬಿಡದೆ ಒಳಗೆ ಕರೆದುಕೊಂಡು ಹೋದೆ.’ ‘ಮೂರು ತಿಂಗಳ ಬಸುರಿ, ರಕ್ತಸ್ರಾವ. ಮಲಗಿಸಿದೆ. ಉಳಿಯಿತು.’ ಮೇಲೆ ತಾರೀಖು ನೋಡಿದರೆ ಅದು ಅವರಿಬ್ಬರೂ ಮಗಳ ಶಾಲೆಯ ನಾಟಕ ನೋಡಲು ಹೋದ ದಿನ. ನಾಟಕದಲ್ಲಿ ಹೆಂಡತಿ ನಿದ್ದೆ ಮಾಡಿಬಿಟ್ಟರೆಂದು ಅವರು ತಮಾಷೆ ಮಾಡಿದ್ದರು. ಸಾಹೇಬರು ನೋಟ್‌ಬುಕ್ ಮುಚ್ಚಿ ಕನ್ನಡಕ ತೆಗೆದಿಟ್ಟರು. “ತಪ್ಪಾಯ್ತು” ಎಂದರು. ಹೆಂಡತಿ, “ಆಯ್ತು ಬಿಡಿ, ಊಟಕ್ಕೆ ಏಳಿ” ಎಂದರು.

ಆದರೆ ಬರೆಯುವುದು ಹೇಗೆ? ಚೀಟಿಯ ವಿಷಯ ಬರೆಯದಿದ್ದರೆ ವರದಿಯೇ ಸುಳ್ಳಾಗುತ್ತದೆ. ಬರೆದರೆ ಶಿಸ್ತುಕ್ರಮದ ಸಾಲು ಇದ್ದೇ ಇದೆ, ಅದನ್ನು ಸೇರಿಸಿದವರೂ ಅವರೇ. ಹೆಂಡತಿಯನ್ನು ಕೇಳಿದರೆ, “ಬರೀರಿ. ಕಳ್ಳತನ ಏನೂ ಮಾಡಿಲ್ವಲ್ಲ” ಎಂದರು. ಸಾಹೇಬರಿಗೆ ಧೈರ್ಯ ಸಾಲಲಿಲ್ಲ. ‘ಎಂಟರ ನಂತರ ಚೀಟಿ ನೀಡಲಾಗುತ್ತಿದೆ’ ಎಂದು ಬರೆದು ಪ್ರೊಫೆಸರ್ ಬಳಿ ಒಯ್ದರು.

“ಮತ್ತೆ ಲಾಗುತ್ತಿದೆ” ಎಂದರು ಪ್ರೊಫೆಸರ್. ಪೆನ್ನು ಎತ್ತಿದವರು ಮುಂದಿನ ಪುಟ ಓದಿ ಕೆಳಗಿಟ್ಟರು. ಅಲ್ಲಿ ಸಾಹೇಬರು ಹೀಗೆ ಬರೆದಿದ್ದರು: ‘ಈ ನಿಯಮವನ್ನು ನಾನು ಬರೆದೆ. ಎಂಟು ಗಂಟೆಯನ್ನು ನಾನು ಆರಿಸಿದೆ. ಬಸ್ಸಿನ ವೇಳೆಯನ್ನು ನಾನು ವಿಚಾರಿಸಲಿಲ್ಲ.’

“ಚೀಟಿ ಕೊಡೋರು ನಿಮಗೆ ಗೊತ್ತಿರೋರಾ?”

“ಹೌದು ಮೇಡಂ. ಚೆನ್ನಾಗೇ ಗೊತ್ತು.”

ಪ್ರೊಫೆಸರ್ ಹಾಳೆಗಳನ್ನು ಜೋಡಿಸಿ ಮರಳಿ ಕೊಟ್ಟರು. “ನಾನು ಬೇಡ ಅಂದಿದ್ದು ತಾನು ಬಚ್ಚಿಟ್ಕೊಳ್ಳೋಕೆ ಬಳಸೋ ಭಾಷೇನ. ಇನ್ನೊಬ್ಬರನ್ನ ಕಾಯೋಕೆ ಒಂದು ಸಲ ಬಳಸಿದ್ರೆ ನಂದೇನೂ ತಕರಾರಿಲ್ಲ. ಆದ್ರೆ ಮಂಡಿಸೋ ದಿನ ಯಾರಾದ್ರೂ ಕೇಳೇ ಕೇಳ್ತಾರೆ. ಯೋಚನೆ ಮಾಡ್ಕೊಂಡು ಬನ್ನಿ.”

ಕೇಳಿದವರು ಕಾರ್ಯದರ್ಶಿಗಳೇ. ಮಂಡನೆಯ ದಿನ ಮುಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಸಾಹೇಬರ ಸಲಹೆ ಚಿಕ್ಕದು: ಕಿಟಕಿ ಒಂಬತ್ತರವರೆಗೆ ತೆರೆದಿರಲಿ, ಗುಮಾಸ್ತರ ಪಾಳಿ ಒಂದು ಗಂಟೆ ಸರಿಯಲಿ, ಇನ್ನೂರರಲ್ಲಿ ಇಪ್ಪತ್ತು ಟೋಕನ್ ಎಂಟರ ಮೇಲೆ ಬರುವವರಿಗೆ ಮೀಸಲಿರಲಿ. ಮುಗಿದ ಮೇಲೆ ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡರು.

“ಎಂಟರ ನಂತರ ಚೀಟಿ ನೀಡಲಾಗುತ್ತಿದೆ ಅಂತ ಇದೆ. ಯಾರು ನೀಡ್ತಿದಾರೆ?”

“ಅದನ್ನ ಹೇಳೋಕೆ ನಾನು ಬಂದಿಲ್ಲ ಸರ್. ನಿಯಮ ತಪ್ಪಾಗಿ ಬರೆದವನು ಯಾರು ಅಂತ ಕೇಳಿ, ಹೇಳ್ತೀನಿ. ನಾನು.”

“ನಿಮ್ಮ ಮನೆಯವರು ಅದೇ ಆಸ್ಪತ್ರೇಲಿ ಇರೋದಲ್ವಾ?”

“ಹೌದು ಸರ್.”

ಕಾರ್ಯದರ್ಶಿಗಳು ವರದಿಯ ಒಂದು ಪ್ರತಿ ತೆಗೆದುಕೊಂಡು ಚಹಾಕ್ಕೂ ನಿಲ್ಲದೆ ಹೊರಟರು. ಅರಣ್ಯದ ಅಧಿಕಾರಿಣಿ ಬಂದು ಸಾಹೇಬರ ಪಕ್ಕ ಕೂತು, “ಮರ ಕಡಿದವರು ಸಿಕ್ಕಿಬಿದ್ರು ಅನ್ಸುತ್ತೆ” ಎಂದು ಮೆಲ್ಲಗೆ ಹೇಳಿ ಬಿಸ್ಕತ್ತಿನ ತಟ್ಟೆ ಮುಂದಿಟ್ಟರು.

ಕೋರ್ಸು ಮುಗಿಸಿ ಇಲಾಖೆಗೆ ಮರಳಿದ ಮೂರನೆಯ ವಾರ ಆಸ್ಪತ್ರೆಗೆ ಪತ್ರ ಹೋಯಿತು: ಎಂಟರ ನಂತರ ಚೀಟಿ ಕೊಟ್ಟವರು ಯಾರೆಂದು ವಿವರಣೆ ಕೊಡಿ. ವೈದ್ಯಾಧಿಕಾರಿಗಳು ತಲೆ ಕೆರೆದುಕೊಳ್ಳುತ್ತಿದ್ದಾಗ ಹಿರಿಯ ನರ್ಸ್ ತಾವೇ ಒಂದು ಸಾಲಿನ ಉತ್ತರ ಬರೆದರು: ‘ನಾನು ಕೊಟ್ಟೆ.’ ಜೊತೆಗೆ ಐದೂ ನೋಟ್‌ಬುಕ್ ಇಟ್ಟು ಕಳಿಸಿದರು.

ಎಂಟು ದಿನದ ಮೇಲೆ ಆ ಕಡತ ಕರಡು ಸಾಹೇಬರ ಮೇಜಿಗೇ ಬಂತು. ಅಂಚಿನಲ್ಲಿ ಎರಡು ಸೂಚನೆ. ಒಂದು, ಟೋಕನ್ ನಿಯಮಕ್ಕೆ ತಿದ್ದುಪಡಿ ಮಾಡಿ, ಸಮಯ ಒಂಬತ್ತರವರೆಗೆ. ಎರಡು, ನಿಯಮ ಮೀರಿದ ನರ್ಸ್‌ಗೆ ಎಚ್ಚರಿಕೆ ಪತ್ರ. ಎರಡಕ್ಕೂ ಕರಡು ಮಂಡಿಸಿ.

ತಿದ್ದುಪಡಿಯನ್ನು ಸಾಹೇಬರು ಹತ್ತು ನಿಮಿಷದಲ್ಲಿ ಬರೆದರು. ಎರಡನೆಯದಕ್ಕೆ ಖಾಲಿ ಹಾಳೆ ಎಳೆದುಕೊಂಡವರು ಅದನ್ನು ಬದಿಗೆ ಸರಿಸಿದರು. ಕೊನೆಗೆ ಟಿಪ್ಪಣಿಯಲ್ಲಿ ಬರೆದರು: ‘ಈ ನರ್ಸ್ ನನ್ನ ಹೆಂಡತಿ. ಆದ್ದರಿಂದ ಈ ಕರಡನ್ನು ನಾನು ಬರೆಯುವುದು ಸರಿಯಲ್ಲ. ಹೆಂಡತಿ ಅಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. ನಿಯಮ ಮಾಡಿದ ತಪ್ಪನ್ನು ಅವರು ದಿನವೂ ಸರಿಪಡಿಸುತ್ತಿದ್ದರು. ಎಚ್ಚರಿಕೆ ಕೊಡಬೇಕಾದದ್ದು ನನಗೆ.’ ಸಹಿ ಹಾಕಿದರು. ಇಪ್ಪತ್ತಾರು ವರ್ಷದಲ್ಲಿ ಕಡತದಲ್ಲಿ ‘ನಾನು’ ಎಂದು ಬರೆದದ್ದು ಅದೇ ಮೊದಲು. ಕೆಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದರು.

ಎಚ್ಚರಿಕೆ ಪತ್ರವನ್ನು ಬೇರೆ ಯಾರೋ ಬರೆದರು. ಅದೂ ತಿದ್ದುಪಡಿಯೂ ಒಂದೇ ಲಕೋಟೆಯಲ್ಲಿ ಆಸ್ಪತ್ರೆಗೆ ಬಂದವು. ನರ್ಸ್ ಮನೆಗೆ ತಂದು ಎರಡನ್ನೂ ಓದಿದರು. ಎಚ್ಚರಿಕೆ ಪತ್ರವನ್ನು ಬೆಳಕಿಗೆ ಹಿಡಿದು, “ಇದು ನಿಮ್ಮ ಕರಡಲ್ಲ. ಎರಡು ಕಡೆ ಕಾಗುಣಿತ ತಪ್ಪಿದೆ” ಎಂದರು. ಮಗಳು ಕೆಂಪು ಪೆನ್ನು ತಂದುಕೊಟ್ಟಳು. ಸಾಹೇಬರಿಗೆ ಕಾರ್ಯದರ್ಶಿಗಳಿಂದ ಕರೆ ಬರಲಿಲ್ಲ, ಮೆಚ್ಚುಗೆಗೂ ಇಲ್ಲ, ಗದರಿಕೆಗೂ ಇಲ್ಲ. ಆ ವರ್ಷದ ಬಡ್ತಿಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರು ಇರಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಎರಡು ದಿನ ಮಾತಾಡಿದರು. ಈಗ ಮನೆಯಲ್ಲಿ ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದರು.

ಹೊಸ ಸಮಯ ಜಾರಿಯಾದ ದಿನ ಸಾಹೇಬರು ಕಚೇರಿಗೆ ತಡವಾಗಿ ಬರುತ್ತೇನೆಂದು ತಿಳಿಸಿ ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದರು. ಬಸ್ಸು ಬಂತು. ಜನ ಇಳಿದು ಎಂದಿನಂತೆ ಓಡಿದರು. “ಓಡಬೇಡಿ, ಒಂಬತ್ತರವರೆಗೂ ಇದೆ” ಎಂದು ಸಾಹೇಬರು ಗೇಟಿನಲ್ಲಿ ನಿಂತು ಹೇಳಿದರು. ಯಾರೂ ನಂಬಲಿಲ್ಲ. ಒಬ್ಬ ಮುದುಕಿಯಂತೂ “ನೀನ್ಯಾರಪ್ಪ ಹೇಳೋಕೆ?” ಎಂದು ಅವರನ್ನು ಬದಿಗೆ ಸರಿಸಿಯೇ ಮುಂದೆ ಹೋದಳು. ಓಟ ನಿಲ್ಲಲು ಇನ್ನೂ ಒಂದು ತಿಂಗಳು ಹಿಡಿಯಿತು.

ಮುಂದಿನ ವರ್ಷ ಪ್ರೊಫೆಸರ್ ಫೋನ್ ಮಾಡಿ, ಹೊಸ ತಂಡಕ್ಕೆ ಒಂದು ಗಂಟೆ ಮಾತಾಡಲು ಕರೆದರು. “ನಾನು ಬರಲ್ಲ ಮೇಡಂ” ಎಂದರು ಸಾಹೇಬರು, “ಇದರ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರೋರನ್ನ ಕರ್ಕೊಂಡು ಬರ್ತೀನಿ.”

ದುಂಡಗೆ ಹಾಕಿದ ಕುರ್ಚಿಗಳಲ್ಲಿ ಹದಿನಾಲ್ಕು ಅಧಿಕಾರಿಗಳ ನಡುವೆ ನರ್ಸ್ ಯೂನಿಫಾರ್ಮಿನಲ್ಲೇ ಕೂತು ಮುಕ್ಕಾಲು ಗಂಟೆ ಮಾತಾಡಿದರು. ಯಾವ ಕಾಯಿಲೆಯವರು ಸಾಲಿನಲ್ಲಿ ಹಿಂದೆ ಉಳಿಯುತ್ತಾರೆ, ಯಾರು ಕೇಳುವುದಕ್ಕೂ ನಾಚುತ್ತಾರೆ, ಕಿಟಕಿ ಎಷ್ಟು ಎತ್ತರದಲ್ಲಿದ್ದರೆ ಗಾಲಿಕುರ್ಚಿಯವರಿಗೆ ಗುಮಾಸ್ತನ ಮುಖ ಕಾಣುತ್ತದೆ. ಅಧಿಕಾರಿಗಳು ಬರೆದುಕೊಳ್ಳುತ್ತಿದ್ದರು. ಸಾಹೇಬರು ಕಿಟಕಿಯ ಪಕ್ಕ ನಿಂತು ಕೇಳುತ್ತಿದ್ದರು.

ಒಬ್ಬ ಯುವ ಅಧಿಕಾರಿ ಕೈ ಎತ್ತಿದರು. “ಮೇಡಂ, ಒಂಬತ್ತು ವರ್ಷ ನೀವು ಯಾಕೆ ಇಲಾಖೆಗೆ ಹೇಳ್ಲಿಲ್ಲ?”

“ಹೇಳಿದ್ದೆ. ನಮ್ಮ ಮನೇಲಿ ಇಲಾಖೆ ಜೊತೆಗೇ ಊಟಕ್ಕೆ ಕೂತಿದ್ದೆನಲ್ಲ” ಎಂದರು ನರ್ಸ್.

ಕೋಣೆಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಅಷ್ಟರಲ್ಲಿ ನರ್ಸ್ ಗಡಿಯಾರ ನೋಡಿ ಎದ್ದರು. ಈ ದಿನಕ್ಕೆಂದು ಬದಲಾಯಿಸಿಕೊಂಡಿದ್ದ ಅವರ ಪಾಳಿ ಎರಡು ಗಂಟೆಗಿತ್ತು.